ಲಿನಕ್ಸ್‌ನಲ್ಲಿ ಕಾಪಿ-ಪೇಸ್ಟ್: ಕ್ಲಿಪ್‌ಬೋರ್ಡ್ ಒಂದಲ್ಲ, ಎರಡು

ಲಿನಕ್ಸ್‌ಗೆ ಹೊಸದಾಗಿ ಬಂದವರು ಮೊದಲು ಎಡವುವುದು ಕಾಪಿ-ಪೇಸ್ಟ್‌ನಲ್ಲೇ. ಕಾಪಿ ಮಾಡಿದ್ದು ಒಂದು, ಪೇಸ್ಟ್ ಆಗಿದ್ದು ಇನ್ನೊಂದು. ಕಂಪ್ಯೂಟರ್ ಕೆಟ್ಟಿಲ್ಲ. ಇಲ್ಲಿ ಕ್ಲಿಪ್‌ಬೋರ್ಡ್ ಎರಡಿದೆ, ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಒಂದು ಎಲ್ಲರಿಗೂ ಗೊತ್ತಿರುವುದೇ. ಕಂಟ್ರೋಲ್ ಜೊತೆ ಸಿ ಒತ್ತಿದರೆ ಕಾಪಿ, ಎಕ್ಸ್ ಒತ್ತಿದರೆ ಕಟ್, ವಿ ಒತ್ತಿದರೆ ಪೇಸ್ಟ್. ಇನ್ನೊಂದರ ಹೆಸರು ಪ್ರೈಮರಿ ಸೆಲೆಕ್ಷನ್. 1987ರಲ್ಲಿ ಬಂದ, ಪರದೆಯ ಮೇಲೆ ಆ್ಯಪ್‌ಗಳ ಕಿಟಕಿಗಳನ್ನು ತೋರಿಸುವ ಎಕ್ಸ್11 ವ್ಯವಸ್ಥೆಯಿಂದ ಉಳಿದುಕೊಂಡು ಬಂದಿದ್ದು.

ಈಗಲೇ ಮಾಡಿ ನೋಡಿ. ಮೌಸ್‌ನಲ್ಲಿ ಎಳೆದು ಎರಡು ಪದ ಸೆಲೆಕ್ಟ್ ಮಾಡಿ. ಯಾವ ಕೀಯನ್ನೂ ಒತ್ತಬೇಡಿ. ಬರೆಯುವ ಇನ್ನೊಂದು ಜಾಗಕ್ಕೆ ಹೋಗಿ ಮೌಸ್‌ನ ನಡುವಿನ ಚಕ್ರವನ್ನು ಒಮ್ಮೆ ಅದುಮಿ. ಆ ಎರಡು ಪದ ಬಂದು ಕೂತಿರುತ್ತವೆ. ಟಚ್‌ಪ್ಯಾಡ್ ಆದರೆ ಸಾಮಾನ್ಯವಾಗಿ ಮೂರು ಬೆರಳು ಒಟ್ಟಿಗೆ ತಟ್ಟಿದರೆ ಸಾಕು. ಏನೂ ಬರಲಿಲ್ಲವಾ? ಸೆಟ್ಟಿಂಗ್‌ನಲ್ಲಿ ಆಫ್ ಆಗಿರಬಹುದು. ಗ್ನೋಮ್ ಡೆಸ್ಕ್‌ಟಾಪ್ (ಲಿನಕ್ಸ್‌ನಲ್ಲಿ ಪರದೆಯ ನೋಟ, ಮೆನು ಕೊಡುವ ತಂತ್ರಾಂಶಗಳಲ್ಲಿ ಒಂದು) ಬಳಸುವವರಿಗೆ ಟ್ವೀಕ್ಸ್ ಆ್ಯಪ್‌ನಲ್ಲಿ ಅದರ ಸ್ವಿಚ್ ಸಿಗುತ್ತದೆ.

ಎಡವಟ್ಟಾಗುವುದು ಇಲ್ಲಿ. ಹಳೇ ಸಾಲು ತೆಗೆದು ಆ ಜಾಗಕ್ಕೆ ಹೊಸ ಸಾಲು ಹಾಕಬೇಕು ಅಂದುಕೊಳ್ಳಿ. ಹೊಸ ಸಾಲನ್ನು ಸೆಲೆಕ್ಟ್ ಮಾಡಿದಿರಿ. ಆಮೇಲೆ ಅಳಿಸಲು ಹಳೇ ಸಾಲನ್ನು ಸೆಲೆಕ್ಟ್ ಮಾಡಿದಿರಿ. ಆ ಕ್ಷಣಕ್ಕೆ ಪ್ರೈಮರಿಯಲ್ಲಿ ಹಳೇ ಸಾಲು ಬಂತು, ಹೊಸದು ಹೋಯಿತು. ಚಕ್ರ ಅದುಮಿದರೆ ಅಳಿಸಿದ್ದೇ ವಾಪಸ್! ಇಂಥ ಕೆಲಸಕ್ಕೆ ಕಂಟ್ರೋಲ್-ಸಿ, ಕಂಟ್ರೋಲ್-ವಿ ಜೋಡಿಯೇ ಸರಿ. ಆದರೆ ಎರಡನ್ನೂ ಒಟ್ಟಿಗೆ ದುಡಿಸಿಕೊಂಡರೆ ಬಲು ಅನುಕೂಲ. ಹೆಸರನ್ನು ಕಂಟ್ರೋಲ್-ಸಿ ಮಾಡಿ, ಫೋನ್ ನಂಬರನ್ನು ಸುಮ್ನೆ ಸೆಲೆಕ್ಟ್ ಮಾಡಿ. ಫಾರ್ಮ್‌ನ ಒಂದು ಖಾನೆಯಲ್ಲಿ ಕಂಟ್ರೋಲ್-ವಿ, ಇನ್ನೊಂದರಲ್ಲಿ ಚಕ್ರ. ಒಂದೇ ಓಡಾಟದಲ್ಲಿ ಎರಡು ಕೆಲಸ.

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಮಾತ್ರ ನಿಯಮ ಬೇರೆ. ಅಲ್ಲಿ ಕಂಟ್ರೋಲ್-ಸಿ ಅಂದರೆ ಓಡುತ್ತಿರುವ ಕೆಲಸವನ್ನು ನಿಲ್ಲಿಸು ಅಂತ. ಹಾಗಾಗಿ ಶಿಫ್ಟ್ ಸೇರಿಸಬೇಕು: ಕಾಪಿಗೆ ಕಂಟ್ರೋಲ್-ಶಿಫ್ಟ್-ಸಿ, ಪೇಸ್ಟ್‌ಗೆ ಕಂಟ್ರೋಲ್-ಶಿಫ್ಟ್-ವಿ. ವೆಬ್‌ಪುಟದಿಂದ ತಂದ ಕಮಾಂಡನ್ನು ನೇರವಾಗಿ ಟರ್ಮಿನಲ್‌ಗೆ ಸುರಿಯಬೇಡಿ. ಕಣ್ಣಿಗೆ ಕಾಣದ ಸಾಲು ಅದರಲ್ಲಿ ಅಡಗಿರಬಹುದು. ಮೊದಲು ಟೆಕ್ಸ್ಟ್ ಎಡಿಟರ್‌ನಲ್ಲಿ ಪೇಸ್ಟ್ ಮಾಡಿ ಓದಿ.

ಒಮ್ಮೆ ನಾನು ಎಡಿಟರ್‌ನಿಂದ ಎರಡು ಪ್ಯಾರಾ ಕಾಪಿ ಮಾಡಿ, ಸೇವ್ ಮಾಡದೆ ಅದನ್ನು ಮುಚ್ಚಿಬಿಟ್ಟೆ. ಮೇಲ್‌ನಲ್ಲಿ ಪೇಸ್ಟ್ ಮಾಡಹೋದರೆ ಏನೂ ಇಲ್ಲ! ಅರ್ಧ ಗಂಟೆಯ ಬರಹ ಹೋಯಿತು. ಕಾರಣ ಆಮೇಲೆ ತಿಳಿಯಿತು. ಲಿನಕ್ಸ್‌ನಲ್ಲಿ ಕಾಪಿ ಮಾಡಿದ್ದು ಸಾಮಾನ್ಯವಾಗಿ ಬೇರೆಲ್ಲೋ ಹೋಗಿ ಕೂರುವುದಿಲ್ಲ, ಕಾಪಿ ಮಾಡಿದ ಆ್ಯಪ್ ಹತ್ತಿರವೇ ಇರುತ್ತದೆ. ನೀವು ಪೇಸ್ಟ್ ಒತ್ತಿದಾಗಷ್ಟೇ ಆ ಆ್ಯಪ್ ಅದನ್ನು ಕೊಡುತ್ತದೆ. ಆ್ಯಪ್ ಮುಚ್ಚಿದರೆ ಕೊಡುವವರೇ ಇಲ್ಲ, ಅಲ್ವಾ?

ಇದಕ್ಕೆ ಪರಿಹಾರ ಕ್ಲಿಪ್‌ಬೋರ್ಡ್ ಮ್ಯಾನೇಜರ್. ನೀವು ಕಾಪಿ ಮಾಡಿದ್ದನ್ನೆಲ್ಲ ಅದು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್‌ನಲ್ಲಿ ಕ್ಲಿಪ್ಪರ್ ಎಂಬ ಮ್ಯಾನೇಜರ್ ಮೊದಲೇ ಇರುತ್ತದೆ. ಮೆಟಾ ಕೀ (ಸಾಮಾನ್ಯವಾಗಿ ವಿಂಡೋಸ್ ಚಿಹ್ನೆಯ ಕೀ) ಹಿಡಿದು ವಿ ಒತ್ತಿದರೆ ಹಿಂದಿನ ಪಟ್ಟಿ ಕಾಣುತ್ತದೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ಗೆ ಕ್ಲಿಪ್‌ಮ್ಯಾನ್ ಇದೆ. ಬೇರೆಯವರು ಕಾಪಿಕ್ಯೂ ಹಾಕಿಕೊಳ್ಳಬಹುದು. ನನಗೆ ಇದೇ ಜಾಸ್ತಿ ಇಷ್ಟ, ಹಳೇದನ್ನು ಹುಡುಕಿ ತೆಗೆಯುವುದು ಸಲೀಸು.

ಒಂದು ಎಚ್ಚರ ಇರಲಿ. ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಆ ಪಟ್ಟಿಯಲ್ಲಿ ಉಳಿಯಬಹುದು. ಕೆಲಸ ಮುಗಿದ ಕೂಡಲೇ ಪಟ್ಟಿ ತೆರೆದು ಆ ಸಾಲನ್ನು ಅಳಿಸಿಬಿಡಿ.