ಜಾತ್ರೆ ಮಳಿಗೆಗೆ ಹಳೆ ಲ್ಯಾಪ್‌ಟಾಪಿನ ವಿಡಿಯೋ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕೈಗೆತ್ತಿಕೊಂಡವರು ಮೊದಲು ಬೆಲೆ ಕೇಳುತ್ತಾರೆ. ಆಮೇಲೆ, "ಇದು ಪ್ಲಾಸ್ಟಿಕ್ಕಾ?" ಅಂತಾರೆ. ಹಗುರವಾದ ಮರ ಕೆತ್ತಿ, ಗೋಣಿ ನಾರು, ಮರದ ಪುಡಿ, ಹುಣಸೆ ಬೀಜದ ಅಂಟು ಕಲಸಿ ಮೆತ್ತಿ, ಒಣಗಿಸಿ, ಬಣ್ಣ ಹಚ್ಚುವ ಕೆಲಸ ಇದು. ಜಾತ್ರೆಯ ಗದ್ದಲದಲ್ಲಿ ಇದನ್ನೆಲ್ಲ ಬಾಯಲ್ಲಿ ಹೇಳೋಕೆ ಆಗುತ್ತಾ? ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಮ್ಮ ಕಾಕಾ ಮಳಿಗೆ ಹಾಕಿದಾಗ, ಗೊಂಬೆ ಮಾಡುವ ವಿಡಿಯೋ ದಿನವಿಡೀ ತಾನಾಗೇ ಓಡಲಿ ಅಂತ ಮನೆಯ ಹಳೆ ಲ್ಯಾಪ್‌ಟಾಪ್ ತೆಗೆದೆ. ಇಂಟೆಲ್‌ನ ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್.

ಮೊದಲು ನೋಡಬೇಕಾದದ್ದು ಬ್ಯಾಟರಿ. ಹಳೆ ಲಿಥಿಯಂ ಬ್ಯಾಟರಿಯನ್ನು ಸದಾ ಚಾರ್ಜಿಗೆ ಹಾಕಿ ಬಿಸಿಯಲ್ಲಿಟ್ಟರೆ ಉಬ್ಬಬಹುದು. ಉಬ್ಬಿದ್ದಕ್ಕೆ ಬೆಂಕಿ ಹತ್ತುವ ಭಯ ಇದ್ದೇ ಇದೆ. ನಮ್ಮದು ಕಳಚಿ ಬರುವ ಮಾದರಿ, ತೆಗೆದುಬಿಟ್ಟೆ. ಚಾರ್ಜರಿನಿಂದಲೇ ಚೆನ್ನಾಗಿ ನಡೆಯುತ್ತದೆ. ಆದರೆ ಕರೆಂಟ್ ಹೋದ ಕೂಡಲೇ ಆಫ್! ಅದಕ್ಕೆ ನಡುವೆ ಒಂದು ಕಂಪ್ಯೂಟರ್ ಯುಪಿಎಸ್ ಹಾಕಿದೆ. ಲ್ಯಾಪ್‌ಟಾಪ್ ಎಳೆಯುವ ಕರೆಂಟ್ ಕಡಿಮೆ, ಜನರೇಟರ್ ಶುರುವಾಗುವ ತನಕ ಧಾರಾಳವಾಗಿ ತಡೆಯುತ್ತದೆ.

ಒಳಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಪಾಸ್‌ವರ್ಡ್ ಕೇಳದೆ ಲಾಗಿನ್ ಆಗಬೇಕು, ಸ್ಕ್ರೀನ್ ಸೇವರ್, ಸ್ಲೀಪ್ ಎರಡೂ ಬಂದ್ ಇರಬೇಕು. ಸ್ಟಾರ್ಟಪ್ ಪಟ್ಟಿಗೆ ಎಂಪಿವಿ ಪ್ಲೇಯರ್ ಸೇರಿಸಿ, ಫುಲ್‌ಸ್ಕ್ರೀನ್ ಮತ್ತು ಕೊನೆಯಿಲ್ಲದ ಲೂಪ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮೌಸಿನ ಬಾಣವೂ ತಾನಾಗೇ ಮಾಯ. "ಕರೆಂಟ್ ಹೋಗಿ ಬಂದ್ರ ನಾ ಏನ್ ಮಾಡ್ಲೆಪಾ?" ಅಂತ ಕಾಕಾ ಕೇಳಿದರು. "ಈ ಬಟನ್ ಒಂದ್ ಒತ್ರಿ ಕಾಕಾ, ಉಳಿದಿದ್ದು ಅದೇ ಮಾಡ್ತೈತಿ" ಅಂದೆ. ಅಷ್ಟು ಸಲೀಸಾಗದಿದ್ದರೆ ಗಿರಾಕಿ ನೋಡುವವರು ಅದನ್ನು ಮತ್ತೆ ಹಚ್ಚೋದೇ ಇಲ್ಲ.

ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ವಿಡಿಯೋ ಫೈಲಿನ ಬಗ್ಗೆ. ಈಗಿನ ಎಷ್ಟೋ ಫೋನುಗಳು ಎಚ್.265 ಅನ್ನೋ, ಫೈಲನ್ನು ಚಿಕ್ಕದಾಗಿ ಕುಗ್ಗಿಸುವ ಹೊಸ ಬಗೆಯಲ್ಲಿ ವಿಡಿಯೋ ತೆಗೆಯುತ್ತವೆ. ಅಷ್ಟು ಹಳೆಯ ಇಂಟೆಲ್ ಚಿಪ್ಪಿನಲ್ಲಿ ಅದನ್ನು ಬಿಡಿಸುವ ಹಾರ್ಡ್‌ವೇರ್ ಇಲ್ಲ. ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದು ಚಿತ್ರ ತಡವರಿಸುತ್ತದೆ, ಫ್ಯಾನ್ ಕಿರುಚುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೋ ಬಗೆ ಬದಲಿಸುವ ಸಾಫ್ಟ್‌ವೇರ್) ಅದನ್ನು ಹಳೆ ಬಗೆಯಾದ ಎಚ್.264ಕ್ಕೆ, 720ಪಿ ಅಳತೆಗೆ ಮಾಡಿಕೊಂಡೆ. ಪರದೆಯೇ 1366×768, ಅದಕ್ಕಿಂತ ದೊಡ್ಡದು ಸುಮ್ನೆ ದಂಡ. ಎಂಪಿವಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ವಿಡಿಯೋ ಬಿಡಿಸುವ ಕೆಲಸವನ್ನು ಚಿಪ್ಪಿನ ಅದಕ್ಕೆಂದೇ ಇರುವ ಭಾಗಕ್ಕೆ ಕೊಡುವುದು) ತಾನಾಗೇ ಆನ್ ಇರುವುದಿಲ್ಲ, ನಾವೇ ಹೇಳಬೇಕು. ಹೇಳಿದ ಮೇಲೆ ಫ್ಯಾನಿನ ಸದ್ದೇ ಅಡಗಿತು.

ಧ್ವನಿ ಇಡಲಿಲ್ಲ, ಜಾತ್ರೆಯಲ್ಲಿ ಯಾರಿಗೆ ಕೇಳಿಸುತ್ತೆ? ಬದಲಿಗೆ ದಪ್ಪ ಅಕ್ಷರದ ಕನ್ನಡ ಸಾಲು, ಒಂದು ಸಲಕ್ಕೆ ನಾಲ್ಕೈದು ಪದ. ಜನ ನಿಂತು ನೋಡಿದ್ದು ಕಾಕಾ ಗರುಡನ ಕಣ್ಣು ಬರೆಯುವ ಜಾಗದಲ್ಲಿ. ಕುಂಚದ ತುದಿ, ಹೆಬ್ಬೆರಳಿಗೆ ಮೆತ್ತಿದ ಬಣ್ಣ, ಉಸಿರು ಬಿಗಿ ಹಿಡಿದು ಎಳೆದ ಒಂದೇ ಗೆರೆ. ಅದನ್ನು ನಾನು ಕತ್ತರಿಸದೆ ಪೂರ್ತಿ ಬಿಟ್ಟಿದ್ದೆ. ಉಳಿದದ್ದನ್ನು ಚುಟುಕು ಮಾಡಿದೆ, ಯಾಕಂದರೆ ನಡುವೆ ಬಂದು ನಿಂತವರಿಗೂ ಬೇಗ ಮೊದಲಿನಿಂದ ಸಿಗಬೇಕು.

ಇಂಥ ಹಳೆ ಪರದೆಗಳನ್ನು ಮೇಲಿಂದಲೋ ಕೆಳಗಿಂದಲೋ ನೋಡಿದರೆ ಬಣ್ಣ ಮಾಸಿದಂತೆ ಇಲ್ಲವೇ ಉಲ್ಟಾ ಕಾಣುತ್ತದೆ. ಹಾಗಾಗಿ ಕಣ್ಣಿನ ಎತ್ತರಕ್ಕೆ ಇಡಬೇಕು. ಕಾಕಾ ಮರದಲ್ಲಿ ಒಂದು ಚೌಕಟ್ಟು ಮಾಡಿದರು, ಮುಂದಿನಿಂದ ಪರದೆ ಮಾತ್ರ ಕಾಣುವ ಹಾಗೆ. ಹಿಂಭಾಗ, ತಳ ತೆರೆದೇ ಇವೆ, ಗಾಳಿ ಆಡಬೇಕಲ್ವಾ. ಜಾತ್ರೆ ಧೂಳಿಗೆ ಫ್ಯಾನನ್ನು ಮೊದಲೇ ಬಿಚ್ಚಿ ಬ್ರಷ್ ಹಾಕಿದ್ದೆ, ಮುಗಿದ ಮೇಲೆ ಇನ್ನೊಮ್ಮೆ ಹಾಕಬೇಕಾಯಿತು.

ಈಗ ಅದು ಕಾಕಾನ ಮನೆಯ ಮುಂಗಟ್ಟೆಯಲ್ಲಿದೆ. ಇಂಟರ್ನೆಟ್ ಕೊಟ್ಟಿಲ್ಲ, ಬೇಕಾಗಿಯೂ ಇಲ್ಲ. ಹೊಸ ವಿಡಿಯೋ ಬಂದರೆ ಪೆನ್‌ಡ್ರೈವಿನಿಂದ ಅದೇ ಫೋಲ್ಡರಿಗೆ, ಅದೇ ಹೆಸರಲ್ಲಿ ಹಾಕಿ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಆಯಿತು. ಕಾಕಾನ ಮಗಳು ಅದನ್ನು ನನ್ನನ್ನು ಕೇಳದೆಯೇ ಮಾಡುತ್ತಾಳೆ.