ಕೊಂಡ ವಾರದೊಳಗೆ ನಾಯಿಮರಿ ಸತ್ತರೆ ಹಣ ಕೇಳುವುದು ಹೇಗೆ?

ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕೊಂಡ ಮರಿ ರಕ್ತಭೇದಿಯಾಗಿ ಸತ್ತರೆ ಮನೆಯವರು ಮೊದಲು ಮಾಡುವುದು ಹಿತ್ತಲಲ್ಲಿ ಗುಂಡಿ ತೋಡುವುದು. ಪ್ರಕರಣವೂ ಅರ್ಧ ಅಲ್ಲೇ ಮಣ್ಣಾಗುತ್ತದೆ. ರೋಗ ಮಾರಿದವರ ಬಳಿಯೇ ತಗುಲಿತ್ತು ಎನ್ನಲು ಆ ದೇಹಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ತುಂಬಿ, 24 ಗಂಟೆಯೊಳಗೆ ಪಶುವೈದ್ಯರಿಗೆ ತಲುಪಿಸಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಪರೀಕ್ಷೆ ಕೆಡುತ್ತದೆ. ಗದಗ ಸುತ್ತಿನವರು ಅಲ್ಲಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಮರಣೋತ್ತರ ವರದಿಯಲ್ಲಿ ಸಾವಿನ ಕಾರಣದ ಜೊತೆ ಮರಿಯ ಅಂದಾಜು ವಯಸ್ಸು, ಬಣ್ಣ, ಮೈಮೇಲಿನ ಗುರುತು ಬರೆಸಿಕೊಳ್ಳಿ. ಇಲ್ಲವಾದರೆ ‘ಇದು ನಾವು ಕೊಟ್ಟ ಮರಿಯೇ ಅಲ್ಲ’ ಎಂಬ ಮಾತು ಬರುತ್ತದೆ.

ಇನ್ನು ದಿನಗಳ ಲೆಕ್ಕ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ತಂದ ಮರುದಿನವೇ ವಾಂತಿ ಶುರುವಾಗಿದ್ದರೆ ಸೋಂಕು ಹಳೆಯದು ಎಂದು ವೈದ್ಯರು ಬರೆದುಕೊಡಬಲ್ಲರು. ಹದಿನೈದು ದಿನ ದಾಟಿದ್ದರೆ ವಾದ ಸಡಿಲ. ಲಸಿಕೆ ಪುಸ್ತಕವನ್ನೂ ತೆಗೆದು ನೋಡಿ. ಬಾಟಲಿಯ ಸ್ಟಿಕ್ಕರ್, ವೈದ್ಯರ ಸಹಿ ಇಲ್ಲದ ಬರೀ ತಾರೀಖು ಏನನ್ನೂ ಸಾಬೀತುಪಡಿಸದು. 8 ವಾರ ತುಂಬದ ಮರಿ ಮಾರುವುದು 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಿಗೆ ವಿರುದ್ಧ.

‘ಗ್ಯಾರಂಟಿ ಕೊಟ್ಟಿರಲಿಲ್ಲ’ ಎಂದರೆ ಹೆದರಬೇಡಿ. ಮರಿಯನ್ನು ಸರಕೆನ್ನುವುದು ಕಿವಿಗೆ ಒರಟು, ಆದರೆ ವ್ಯಾಪಾರದ ಕಾನೂನಿಗೆ ಅದು ಸರಕೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ 30 ದಿನದೊಳಗೆ ದೋಷದ ಸರಕಿನ ಹಣ ಮರಳಿಸದಿರುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅಷ್ಟೇ. ಬಿಲ್ ಇಲ್ಲದವರು ಯುಪಿಐ ಪಾವತಿ, ವಾಟ್ಸಾಪ್ ಮಾತುಕತೆ ಉಳಿಸಿಕೊಳ್ಳಿ.

ಅಂಗಡಿಯವರು ಸಾಮಾನ್ಯವಾಗಿ ‘ಇನ್ನೊಂದು ಮರಿ ಒಯ್ಯಿರಿ’ ಎನ್ನುತ್ತಾರೆ. ಒಪ್ಪದಿರುವುದೇ ಲೇಸು: ಪಾರ್ವೊ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಅವರಲ್ಲಿಯೂ, ನಿಮ್ಮ ಮನೆಯಲ್ಲಿಯೂ.

ಮರಿಯ ಬೆಲೆ, ಚಿಕಿತ್ಸೆ, ಪರೀಕ್ಷೆಯ ಖರ್ಚು ಲೆಕ್ಕ ಹಾಕಿ, 15 ದಿನದ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರಬಹುದು. ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ದೂರು ಕೊಡಲು ಗಡುವು 2 ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬೆಂಗಳೂರಿನಿಂದ ತರಿಸಿದ ಮರಿಯಾದರೂ ಹಾವೇರಿಯವರು ಹಾವೇರಿಯಲ್ಲೇ ದೂರು ಕೊಡಬಹುದು.