ಕೈಯಲ್ಲಿ ಎಕ್ಕ ಇದ್ದಾಗ ನಾನು ಲೆಕ್ಕ ಹಾಕುವ ರೀತಿ

ಬ್ರಿಡ್ಜ್ ಅನ್ನುವ ನಾಲ್ವರ ಇಸ್ಪೀಟು ಆಟದಲ್ಲಿ ಡಿಫೆನ್ಸ್ ಆಡುವಾಗ, ಅಂದರೆ ಎದುರಾಳಿ ಜೋಡಿ ಕರೆದಷ್ಟು ಗೆಲ್ಲದಂತೆ ತಡೆಯುವಾಗ, ಎಕ್ಕ ಯಾವಾಗ ಹಾಕಬೇಕು? ನಮ್ಮ ದಾವಣಗೆರೆ ಗುಂಪಿಗೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ಸಂಜೆ ಸೇರುತ್ತೇವೆ. ಮಿರ್ಚಿ ಮಂಡಕ್ಕಿ ತಿಂದ ಕೈ ತೊಳೆಯದೆ ಎಲೆ ಮುಟ್ಟುವಂತಿಲ್ಲ, ಅದೊಂದೇ ನಮ್ಮ ಕಾಯ್ದೆ. ಇಸ್ಪೀಟು ಅಂದರೆ ದುಡ್ಡಿನ ಆಟ ಅಂತ ಮನೆಯಲ್ಲಿ ಗೊಣಗುವವರಿಗೆ 2018ರ ಜಕಾರ್ತ ಏಷ್ಯನ್ ಗೇಮ್ಸ್ ಕಥೆ ಹೇಳುತ್ತೇನೆ. ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಡ್ಜ್‌ನಲ್ಲೇ ಚಿನ್ನ ಗೆದ್ದರು, ಬರ್ಧನ್ ಅವರಿಗೆ ಆಗ 60 ವರ್ಷ.

ವಿಷಯಕ್ಕೆ ಬರೋಣ. ಎಕ್ಕದ ಕೆಲಸ ಎದುರಾಳಿಯ ರಾಜನನ್ನೋ ರಾಣಿಯನ್ನೋ ಹಿಡಿಯುವುದು. ಸಣ್ಣ ಎಲೆಗಳ ಮೇಲೆ ಹಾಕಿದರೂ ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಆ ಸುತ್ತು) ಬರುತ್ತದೆ, ಆದರೆ ಅವರ ದೊಡ್ಡ ಎಲೆಗಳಿಗೆ ದಾರಿ ಬಿಟ್ಟ ಹಾಗೆ. ನನ್ನ ಪಾರ್ಟ್ನರ್ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. "ಎಕ್ಕ ಎಲ್ಲಿಗೂ ಓಡಿ ಹೋಗಲ್ಲ ಕಣಪ್ಪ, ತಡಿ" ಅನ್ನುತ್ತಾರೆ. ನೋಟ್ರಂಪ್‌ನಲ್ಲಿ, ಅಂದರೆ ಬೇರೆ ಸೂಟುಗಳನ್ನು ಕತ್ತರಿಸುವ ತುರುಫು ಇಲ್ಲದ ಆಟದಲ್ಲಿ, ಆ ಮಾತು ಬಹಳ ಮಟ್ಟಿಗೆ ನಿಜ.

ಒಂದು ಕೈ ನೋಡಿ. ಎದುರಾಳಿ 15ರಿಂದ 17 ಪಾಯಿಂಟಿನ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಒಂದು ನೋಟ್ರಂಪ್ ಕರೆದು ಮೂರು ನೋಟ್ರಂಪ್‌ಗೆ ಹೋಗಿದ್ದಾರೆ, ಕರೆಯ ಮೂರಕ್ಕೆ ಆರು ಕೂಡಿ 9 ಟ್ರಿಕ್ ಬೇಕು. ಡಮ್ಮಿಯಲ್ಲಿ, ಅಂದರೆ ಆಟ ನಡೆಸುವ ಡಿಕ್ಲೇರರ್‌ನ ಜೊತೆಗಾರ ಟೇಬಲ್ ಮೇಲೆ ಬಿಚ್ಚಿಟ್ಟ ಕೈಯಲ್ಲಿ, ಡೈಮಂಡಿನ ರಾಜ, ರಾಣಿ, ಗುಲಾಮ, ಹತ್ತು, ಐದು. ಅದನ್ನು ಬಿಟ್ಟರೆ ದೊಡ್ಡ ಎಲೆ ಅಂತ ಒಂದು ಗುಲಾಮ ಮಾತ್ರ, ಡಮ್ಮಿಗೆ ಹೋಗಲು ಬೇರೆ ದಾರಿಯೇ ಇಲ್ಲ. ನಾನು ಡಮ್ಮಿಯ ನಂತರ ಆಡುವವನು, ನನ್ನ ಹತ್ತಿರ ಡೈಮಂಡಿನ ಎಕ್ಕ, ಎಂಟು, ನಾಲ್ಕು. 13ರಲ್ಲಿ ಎಂಟು ಎಲೆ ಕಣ್ಣಿಗೆ ಕಾಣುತ್ತಿವೆ, ಉಳಿದ ಐದು ಮೇಷ್ಟ್ರ ಕೈಯಲ್ಲೂ ಡಿಕ್ಲೇರರ್ ಕೈಯಲ್ಲೂ ಹಂಚಿಹೋಗಿವೆ. ಡಿಕ್ಲೇರರ್ ಹತ್ತಿರ ಎಷ್ಟಿವೆ ಅನ್ನೋದೇ ಇಲ್ಲಿ ಇಡೀ ಪ್ರಶ್ನೆ, ಅದನ್ನು ಹೇಳಬೇಕಾದವರು ಮೇಷ್ಟ್ರು. ಅವರು ಮೊದಲು ಏಳು, ಆಮೇಲೆ ಎರಡು ಹಾಕಿದರೆ ಅವರದು ಸಮಸಂಖ್ಯೆ ಅಂತ ನಮ್ಮ ಒಪ್ಪಂದ. ಅಂದರೆ ಅವರಲ್ಲಿ ಎರಡು, ಡಿಕ್ಲೇರರ್ ಹತ್ತಿರ ಮೂರು. ನಾನು ಮೂರನೇ ಸುತ್ತಿನವರೆಗೂ ಎಕ್ಕ ಬಿಡುವುದಿಲ್ಲ. ಆಗ ಡಿಕ್ಲೇರರ್‌ಗೆ ಡೈಮಂಡಿನಲ್ಲಿ ಎರಡೇ ಟ್ರಿಕ್, ಅವನ ಕೈಯಲ್ಲಿ ಡೈಮಂಡ್ ಮುಗಿದಿರುವುದರಿಂದ ಡಮ್ಮಿಯಲ್ಲಿ ಉಳಿದ ಎರಡು ಗೆಲ್ಲುವ ಎಲೆ ಸುಮ್ನೆ ಕೂತಿರುತ್ತವೆ. ಮೊದಲನೇ ಸುತ್ತಿಗೋ ಎರಡನೇ ಸುತ್ತಿಗೋ ಹಾಕಿಬಿಟ್ಟರೆ ನಾಲ್ಕು ಟ್ರಿಕ್ ಸಲೀಸಾಗಿ ಹೋಗುತ್ತವೆ. ಮೇಷ್ಟ್ರು ಮೊದಲು ಎರಡು ಹಾಕಿ ಆಮೇಲೆ ಮೇಲೆ ಹತ್ತಿದರೆ ಅವರಲ್ಲಿ ಮೂರು, ಡಿಕ್ಲೇರರ್‌ನಲ್ಲಿ ಎರಡು. ಆಗ ಎರಡನೇ ಸುತ್ತಿಗೇ ಹಾಕಬೇಕು, ಅವನಿಗೆ ಒಂದೇ ಟ್ರಿಕ್. ಅಲ್ಲೂ ತಡೆದರೆ ಬಿಟ್ಟಿಯಾಗಿ ಇನ್ನೊಂದು ಕೊಟ್ಟಂತೆ, ಅದೇ ಅವನ ಒಂಬತ್ತನೆಯದಾಗಬಹುದು.

ಪಾಯಿಂಟಿನ ಲೆಕ್ಕವನ್ನೂ ಹಾಕುತ್ತೇನೆ. ಒಟ್ಟು 40. ಡಿಕ್ಲೇರರ್ 15–17, ಡಮ್ಮಿ 7, ನಾನು 10 ಅಂದರೆ ಮೇಷ್ಟ್ರಲ್ಲಿ 6ರಿಂದ 8. ಅವರ ಉದ್ದದ ಸೂಟಿಗೆ ಮರಳಿ ಹೋಗಲು ದಾರಿ ಇದ್ದೀತು ಅನ್ನುವ ಧೈರ್ಯ ಅಲ್ಲಿಂದ ಬರುತ್ತದೆ. ಆದರೆ ಡಮ್ಮಿಯಲ್ಲಿ ಬೇರೆ ಸೂಟಿನ ಎಕ್ಕ ಒಂದಿದ್ದರೆ ಈ ತಡೆಯುವ ಆಟದಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಇನ್ನು ಡಮ್ಮಿಯಲ್ಲಿ ರಾಜ, ಗುಲಾಮ ಇದ್ದು, ಡಮ್ಮಿಗೆ ಮೊದಲು ಆಡುವ ನನ್ನ ಕೈಯಲ್ಲಿ ಎಕ್ಕ ಇದ್ದರೆ. ಡಿಕ್ಲೇರರ್ ಸಣ್ಣ ಎಲೆ ತೆಗೆದ, ನಾನೂ ಸಣ್ಣದು ಹಾಕಿ ರಾಜನೋ ಗುಲಾಮನೋ ಅಂತ ಅವನನ್ನೇ ಊಹೆ ಮಾಡಲು ಬಿಡಬೇಕು. ಆದರೆ ಒಂದು ಕ್ಷಣ ತಡವರಿಸಿದರೂ ಎಕ್ಕ ಎಲ್ಲಿದೆ ಅಂತ ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ಡಮ್ಮಿ ಟೇಬಲ್ ಮೇಲೆ ಬಿದ್ದ ಕೂಡಲೇ, ಮೊದಲನೇ ಟ್ರಿಕ್ ಮುಗಿಯುವುದರೊಳಗೆ ಈ ತೀರ್ಮಾನ ಮಾಡಿಟ್ಟುಕೊಂಡಿರುತ್ತೇನೆ. ಎಕ್ಕ ಇಲ್ಲದೆ ಬೇಕಂತಲೇ ಯೋಚಿಸುವ ನಾಟಕ ಮಾಡುವುದು ನಿಯಮಕ್ಕೆ ವಿರುದ್ಧ. ಕೆಲವರಿಗೆ ಇದು ಜಾಣತನ ಅನ್ನಿಸುತ್ತದೆ, ನನಗೆ ಅಂಥವರ ಜೊತೆ ಆಡಲು ಇಷ್ಟವಿಲ್ಲ.

ಎಕ್ಕ ಓಡಿ ಹೋಗಲ್ಲ ಅನ್ನುವ ಮೇಷ್ಟ್ರ ಮಾತು ಸುಳ್ಳಾಗುವುದು ಸ್ಲ್ಯಾಮ್‌ನಲ್ಲಿ, ಅಂದರೆ 13ರಲ್ಲಿ 12 ಅಥವಾ ಪೂರ್ತಿ ಟ್ರಿಕ್ ಕರೆದಾಗ. ಇಸ್ಪೀಟು (ಸ್ಪೇಡ್) ಸೂಟೇ ತುರುಫಾದ ಆರರ ಕರೆಗೆ 12 ಟ್ರಿಕ್ ಬೇಕು, ನಮಗೆ ಎರಡು ಸಿಕ್ಕರೆ ಸಾಕು. ತುರುಫಿನಲ್ಲಿ ನನಗೆ ಒಂದು ಖಾತ್ರಿ ಇದೆ ಅಂತಿಟ್ಟುಕೊಳ್ಳಿ. ಡಿಕ್ಲೇರರ್ ಡಮ್ಮಿಯ ರಾಜ-ರಾಣಿ ಕಡೆಗೆ ಒಂಟಿ ಎಲೆ ಆಡಿದಾಗ ನಾನು ಬಿಟ್ಟುಕೊಟ್ಟರೆ ರಾಜ ಗೆಲ್ಲುತ್ತದೆ, ಮುಂದಿನ ಸುತ್ತಿಗೆ ನನ್ನ ಎಕ್ಕದ ಮೇಲೆ ತುರುಫು ಬೀಳುತ್ತದೆ. ಓಡಿ ಹೋಯಿತಲ್ವಾ! ಇಂಥ ಕಡೆ ರಾಜನಿಗೆ ಕಾಯದೆ ಸಣ್ಣ ಎಲೆಯ ಮೇಲೇ ಹಾಕಿಬಿಡುತ್ತೇನೆ. ಮೇಷ್ಟ್ರು ಇದಕ್ಕೂ ತಕರಾರು ತೆಗೆಯುತ್ತಾರೆ, ಆದರೆ ಸ್ಕೋರ್ ಬರೆಯುವಾಗ ಸುಮ್ಮನಿರುತ್ತಾರೆ.